ಪೆನ್ಸಿಲ್ ನಿಂತಾಗ ಬೆರಳೆತ್ತಿ

ನನ್ನ ಚಿತ್ರಗಳಲ್ಲಿ ಯಾರಿಗೂ ಕೈಗಳಿಲ್ಲ. ಇದ್ದರೂ ಜೇಬಿನೊಳಗಿರುತ್ತವೆ, ಇಲ್ಲವೇ ಬೆನ್ನ ಹಿಂದೆ. ಕುಳಿತವರಾದರೆ ಸರಿಯಾಗಿ ಮೊಣಕೈ ಹತ್ತಿರ ಹಾಳೆಯೇ ಮುಗಿದುಹೋಗುತ್ತದೆ. ಒಮ್ಮೆ ಅಮ್ಮ ನನ್ನ ಚಿತ್ರದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿ, "ಪಾಪ, ಎಲ್ಲರಿಗೂ ಇಷ್ಟೊಂದು ಚಳಿನಾ?" ಎಂದು ಕೇಳಿದಳು.

ಚಳಿಯಲ್ಲ, ಹೆದರಿಕೆ. ಅವರಿಗಲ್ಲ, ನನಗೆ. ಮುಖವನ್ನಾದರೆ ಹೇಗೋ ಸುಧಾರಿಸಬಹುದು. ಮೂಗು ಕೊಂಚ ಸೊಟ್ಟಗಾದರೆ ಆ ಮನುಷ್ಯನ ಮೂಗೇ ಸೊಟ್ಟ ಎಂದು ವಾದಿಸಬಹುದು. ಬೆರಳುಗಳ ವಿಷಯದಲ್ಲಿ ಆ ಸೌಲಭ್ಯವಿಲ್ಲ. ನಾನು ಬಿಡಿಸಿದ ಬೆರಳುಗಳು ಒಂದೋ ಬೆಂಡೆಕಾಯಿಯ ಕಟ್ಟಿನಂತೆ ಕಾಣುತ್ತವೆ, ಇಲ್ಲವೇ ಎಣಿಸಿ ನೋಡಿದಾಗ ಒಂದು ಹೆಚ್ಚಿರುತ್ತದೆ.

ಆದರೂ ದಿನಕ್ಕೊಂದು ಚಿತ್ರ ಬಿಡಿಸಲೇಬೇಕೆಂದು ಪಣ ತೊಟ್ಟಿದ್ದೆ. ಕಲೆಯ ಮೇಲಿನ ಪ್ರೀತಿಯಿಂದ ಎಂದರೆ ಸುಳ್ಳಾಗುತ್ತದೆ. ಅದು ಮರ್ಯಾದೆಯ ಪ್ರಶ್ನೆಯಾಗಿತ್ತು. ನನ್ನ ಕೋಣೆಯ ಮೂಲೆಯಲ್ಲೊಂದು ಗಿಟಾರ್ ಇದೆ. ಒದ್ದೆ ಟವೆಲ್ ಒಣಹಾಕಲು ಬಹಳ ಅನುಕೂಲ. ಮಂಚದ ಕೆಳಗೆ ಓಟಕ್ಕೆಂದು ತಂದ ಬೂಟುಗಳಿವೆ. ಅವುಗಳ ಅಡಿ ಇನ್ನೂ ಬೆಳ್ಳಗಿದೆ. ಕಪಾಟಿನಲ್ಲಿ ಪರಭಾಷೆ ಕಲಿಸುವ ಪುಸ್ತಕವಿದೆ. ಅದರ ಮೂರನೆಯ ಪಾಠದಲ್ಲಿ ಒಬ್ಬ ಮನುಷ್ಯ ರೈಲು ನಿಲ್ದಾಣಕ್ಕೆ ದಾರಿ ಕೇಳುತ್ತಿದ್ದಾಗ ನಾನು ಪುಸ್ತಕ ಮುಚ್ಚಿಟ್ಟೆ. ಪಾಪ, ಅವನು ಇನ್ನೂ ಅಲ್ಲೇ ನಿಂತಿದ್ದಾನೆ.

ಇದನ್ನೆಲ್ಲ ನೋಡುತ್ತಲೇ ಬಂದ ಅಕ್ಕ, ಹೋದ ಸಲ ಮನೆಗೆ ಬಂದಾಗ ಒಂದು ಡಬ್ಬಿ ಪೆನ್ಸಿಲ್ಲನ್ನೂ ದಪ್ಪ ಹಾಳೆಗಳ ಪುಸ್ತಕವನ್ನೂ ನನ್ನ ಕೈಗಿಟ್ಟಳು.

"ತಗೋ. ಇದನ್ನೂ ಶುರು ಮಾಡಿ ಬಿಟ್ಟುಬಿಡು. ಗಿಟಾರಿಗೆ ಒಬ್ಬಂಟಿ ಅನಿಸ್ತಿರಬೇಕು."

"ಈ ಸಲ ಬಿಡಲ್ಲ ಅಕ್ಕ."

"ಗಿಟಾರ್ ತಂದಾಗಲೂ ಇದನ್ನೇ ಹೇಳಿದ್ದೆ ಕಣೋ. ಇದೇ ದನಿ, ಇದೇ ಮುಖ."

ಅಕ್ಕ ನಗುತ್ತಾ ಹೊರಟುಹೋದಳು. ನಾನು ಮಾತ್ರ ಆ ಡಬ್ಬಿಯ ಮುಂದೆ ಕೂತು ತುಂಬ ಹೊತ್ತು ಯೋಚಿಸಿದೆ. ಈವರೆಗೆ ನಾನು ಕೆಲವನ್ನು ಬಿಟ್ಟವನು, ಅಷ್ಟೆ. ಇದನ್ನೂ ಬಿಟ್ಟರೆ, ಬಿಡುವುದೇ ನನ್ನ ಸ್ವಭಾವ ಎಂದು ತೀರ್ಮಾನವಾಗಿಬಿಡುತ್ತದೆ. ಆಮೇಲೆ ಬದಲಾಯಿಸಲು ಬರುವುದಿಲ್ಲ. ಆ ಭಯದಲ್ಲೇ ಮೊದಲ ಚಿತ್ರ ಬಿಡಿಸಿದೆ: ಬಾಗಿಲ ಹಿಂದಿನ ಕೊಡೆ. ಕೊಡೆಗೆ ಕೈಗಳಿಲ್ಲ ಎಂಬುದು ಆಯ್ಕೆಗೆ ಮುಖ್ಯ ಕಾರಣ.

ನಾನು ತತ್ವಶಾಸ್ತ್ರದಲ್ಲಿ ಪದವಿ ಪಡೆದವನು. ಮೌನದ ಬಗ್ಗೆ ಉದ್ದವಾದ ಪ್ರಬಂಧವೊಂದನ್ನು ಬರೆದಿದ್ದೇನೆ. ಓದಿದವರೆಲ್ಲ ವಿಷಯಕ್ಕೆ ತಕ್ಕಂತೆ ಸುಮ್ಮನಿದ್ದರು. ಅಂಥವನಿಗೆ ಕೊನೆಗೂ ಸಿಕ್ಕ ಕೆಲಸ ಕಿವಿ ಪರೀಕ್ಷಿಸುವ ಚಿಕಿತ್ಸಾಲಯದಲ್ಲಿ. ಅಲ್ಲಿ ಗೋಡೆಗಳಿಗೆಲ್ಲ ದಪ್ಪ ಸ್ಪಂಜು ಹೊದಿಸಿದ ಪುಟ್ಟ ಕೋಣೆಯೊಂದಿದೆ. ಪರೀಕ್ಷೆಗೆ ಬಂದವರು ಅದರೊಳಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಗಾಜಿನ ಕಿಟಕಿಯ ಈಚೆ, ಯಂತ್ರದ ಮುಂದೆ ನಾನು. ನಾನು ಗುಂಡಿ ಒತ್ತಿದರೆ ಅವರ ಕಿವಿಯಲ್ಲಿ ಕುಂಯ್ ಎನ್ನುತ್ತದೆ. ಕೇಳಿಸಿದವರು ಬೆರಳೆತ್ತಬೇಕು. ಸದ್ದನ್ನು ಸಣ್ಣದು ಮಾಡುತ್ತಾ ಹೋಗುತ್ತೇನೆ. ಎಲ್ಲಿಯವರೆಗೆ ಬೆರಳು ಏಳುತ್ತದೋ ಅಲ್ಲಿಯವರೆಗೆ ಆ ಕಿವಿ ಚುರುಕು ಎಂದು ಲೆಕ್ಕ. ಅದನ್ನು ಚಾರ್ಟಿನಲ್ಲಿ ಗುರುತು ಮಾಡಿ ಮೇಡಂ ಮೇಜಿಗೆ ಕಳಿಸುತ್ತೇನೆ. ಮೇಡಂ ಎಂದರೆ ನಮ್ಮ ಕಿವಿ ತಜ್ಞೆ. ಯಾರಿಗೆ ಔಷಧಿ, ಯಾರಿಗೆ ಕಿವಿಗೆ ಹಾಕುವ ಮಷೀನು, ಯಾರಿಗೆ ಏನೂ ಬೇಡ ಎಂದು ಹೇಳುವವರು ಅವರು.

ಅಂದರೆ ದಿನವಿಡೀ ಬೆರಳು ನೋಡುವುದೇ ನನ್ನ ಉದ್ಯೋಗ. ಬೆರಳು ನೋಡಿ ಸಂಬಳ ತೆಗೆದುಕೊಳ್ಳುವವನಿಗೆ ಒಂದು ಬೆರಳು ಬಿಡಿಸಲು ಬರುವುದಿಲ್ಲ.

ಮೊದಮೊದಲು ಸಂಜೆ ಮನೆಗೆ ಬಂದು ಬಿಡಿಸುತ್ತಿದ್ದೆ. ಬಿಡಿಸುತ್ತಿದ್ದೆ ಎನ್ನುವುದಕ್ಕಿಂತ ಪುಸ್ತಕದ ಮೇಲೆ ತೂಕಡಿಸುತ್ತಿದ್ದೆ ಎನ್ನುವುದು ಸರಿ. ಕೂತು ಮಾಡುವ ಕೆಲಸದಲ್ಲಿ ಇಷ್ಟೇನು ದಣಿವು ಎಂದು ಯಾರಾದರೂ ಕೇಳಬಹುದು. ಒಬ್ಬರ ಬೆರಳು ಏಳುತ್ತದೋ ಇಲ್ಲವೋ ಎಂದು ಕಾಯುವುದರಲ್ಲಿ ಒಂದು ಬಗೆಯ ಸುಸ್ತಿದೆ. ಇಡೀ ದಿನ ಕಾದರೆ ಕಣ್ಣಿನ ಹಿಂದೆ ಎಲ್ಲೋ ಮರಳು ತುಂಬಿದಂತಾಗುತ್ತದೆ. ಒಂದು ಸಂಜೆ ಅರ್ಧ ಬಿಡಿಸಿದ ಚಹಾ ಲೋಟದ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋದೆ. ಎದ್ದು ಅಡುಗೆಮನೆಗೆ ಹೋದರೆ ಅಮ್ಮ ಕೈಲಿದ್ದ ಸೌಟು ಬಿಟ್ಟು, "ಅಯ್ಯೋ, ಯಾರೋ ಹೊಡೆದಿದ್ದು?" ಎಂದು ಕೂಗಿದಳು. ಕೆನ್ನೆಯ ತುಂಬ ಪೆನ್ಸಿಲ್ಲಿನ ಕಪ್ಪು. ಲೋಟ ಹಾಳೆಯ ಮೇಲಿಗಿಂತ ನನ್ನ ಮುಖದ ಮೇಲೇ ಚೆನ್ನಾಗಿ ಮೂಡಿತ್ತು.

ಹಾಗಾಗಿ ಅಭ್ಯಾಸವನ್ನು ಕೆಲಸದ ಜಾಗಕ್ಕೆ ಸಾಗಿಸಿದೆ. ಗಾಜಿನಾಚೆ ಅಲುಗಾಡದೆ ಕೂತ ಮನುಷ್ಯರು, ಸದ್ದೇ ಇಲ್ಲ, ಮೇಲಿಂದ ಒಳ್ಳೆಯ ಬೆಳಕು. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡೆ. ಎಡಗೈ ಗುಂಡಿಯ ಮೇಲೆ, ಬಲಗೈಯಲ್ಲಿ ಪೆನ್ಸಿಲ್. ಒಂದೇ ತೊಡಕು: ಒಳಗಿನ ಕುರ್ಚಿ ಪಕ್ಕದ ಗೋಡೆಗೆ ಮುಖ ಮಾಡಿತ್ತು, ಎಲ್ಲರದೂ ಒಂದೇ ಕಣ್ಣು ಕಾಣುತ್ತಿತ್ತು. ಯಾಕೆ ಹಾಗಿಟ್ಟಿದ್ದಾರೆ ಎಂದು ನಾನು ಯೋಚಿಸಲಿಲ್ಲ. ಯೋಚಿಸುವುದರಲ್ಲೇ ಪದವಿ ಪಡೆದವನಿಗೆ ಅಂಥ ಸಣ್ಣ ವಿಷಯಗಳು ಕಾಣುವುದಿಲ್ಲ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿಟ್ಟೆ.

ಪುಸ್ತಕ ತುಂಬತೊಡಗಿತು. ದಿನಕ್ಕೊಂದೇನು, ಕೆಲವು ದಿನ ಎರಡು ಚಿತ್ರ. ಒಳ್ಳೆಯವೇನಲ್ಲ. ಒಬ್ಬ ನಿವೃತ್ತ ಮೇಷ್ಟ್ರನ್ನು ಬಿಡಿಸಲು ಹೋಗಿ ಕುದುರೆ ಬಂತು. ಆದರೆ ಅಕ್ಕ ಫೋನ್ ಮಾಡಿದಾಗಲೆಲ್ಲ, "ಇನ್ನೂ ಬಿಟ್ಟಿಲ್ವಾ?" ಎನ್ನುವ ಪ್ರಶ್ನೆಗೆ "ಇಲ್ಲ" ಎನ್ನುವಾಗ ಆಗುತ್ತಿದ್ದ ಸುಖಕ್ಕಾಗಿ ಎಷ್ಟು ಕುದುರೆಗಳನ್ನು ಬೇಕಾದರೂ ಬಿಡಿಸಬಹುದಿತ್ತು.

ಇದೇ ಹೊತ್ತಿಗೆ ಮನೆಯಲ್ಲಿ ಅಪ್ಪನ ಕಿವಿಯ ಪ್ರಶ್ನೆ ಎದ್ದಿತು.

ಅಪ್ಪ ಬಸ್ ಡ್ರೈವರಾಗಿದ್ದು ನಿವೃತ್ತನಾದವನು. ಇಂಜಿನ್ನಿನ ಪಕ್ಕದಲ್ಲೇ ಜೀವಮಾನ ಕಳೆದವನಿಗೆ ಟಿವಿಯನ್ನು ಬೀದಿಗೆಲ್ಲ ಕೇಳುವಂತೆ ಹಾಕಿಕೊಳ್ಳುವ ಅಭ್ಯಾಸವಾಗಿತ್ತು. ಅಮ್ಮ ಮಾತಾಡಿದರೆ ತಲೆಯಾಡಿಸುತ್ತಿದ್ದ. ಸಕ್ಕರೆ ಖಾಲಿಯಾಗಿದೆ ಎಂದರೂ ತಲೆಯಾಡಿಸುತ್ತಿದ್ದ, ಪಕ್ಕದ ಮನೆಯವರು ಮನೆ ಬಿಟ್ಟರು ಎಂದರೂ ತಲೆಯಾಡಿಸುತ್ತಿದ್ದ.

"ರೀ, ನಿಮಗೆ ಕಿವಿ ಕೇಳಲ್ಲ," ಎಂದು ಅಮ್ಮ ಒಂದು ದಿನ ನೇರವಾಗಿಯೇ ಹೇಳಿದಳು.

ಅಪ್ಪ ತಲೆಯಾಡಿಸಿದ.

ಅಮ್ಮನೇ ಹಟ ಹಿಡಿದು ಅವನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಳು. ಬಸ್ಸಿಗೆ ಹೊರಡುವವನಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಕುರ್ಚಿಯಲ್ಲಿ ನೆಟ್ಟಗೆ ಕೂತ. ನಾನು ಹೆಡ್‌ಫೋನ್ ಹಾಕಿ, ಈಚೆ ಬಂದು ಮೈಕಿನಲ್ಲಿ ಎಲ್ಲರಿಗೂ ಹೇಳುವುದನ್ನೇ ಹೇಳಿದೆ: "ಸದ್ದು ಕೇಳಿಸಿದ ತಕ್ಷಣ ಬೆರಳೆತ್ತಬೇಕು. ಎಷ್ಟು ಸಣ್ಣಗಿದ್ದರೂ ಸರಿ." ಅಪ್ಪ ಗಂಭೀರವಾಗಿ ತಲೆಯಾಡಿಸಿದ. ನನ್ನ ದನಿಗೆ ತಲೆಯಾಡಿಸಿದನೋ, ತುಟಿ ಅಲುಗಿದ್ದಕ್ಕೋ ಎಂದು ನನಗೆ ಅನುಮಾನ ಬರಬೇಕಿತ್ತು.

ಅವತ್ತು ಬಿಡಿಸಿದ್ದು ನನ್ನ ಅತ್ಯುತ್ತಮ ಚಿತ್ರ. ಅಪ್ಪ ಕಣ್ಣು ಮಿಟುಕಿಸದೆ ನನ್ನತ್ತಲೇ ನೋಡುತ್ತಿದ್ದ. ನಾವಿಬ್ಬರೂ ಹೆಚ್ಚು ಮಾತಾಡಿದವರಲ್ಲ. ಚಿಕ್ಕಂದಿನಲ್ಲಿ ಅವನು ಮನೆಗೆ ಬರುವಾಗ ನಾನು ಮಲಗಿರುತ್ತಿದ್ದೆ, ನಾನು ಏಳುವಾಗ ಅವನ ಬಸ್ಸು ಯಾವುದೋ ತಿರುವಿನಲ್ಲಿರುತ್ತಿತ್ತು. ಈ ಮನುಷ್ಯ ಇಷ್ಟು ಹೊತ್ತು, ಇಷ್ಟು ತನ್ಮಯನಾಗಿ ನನ್ನನ್ನು ನೋಡಿದ್ದು ಇದೇ ಮೊದಲು ಎನಿಸಿತು. ಕೊನೆಗೂ ಮಗನ ಕೆಲಸ ಅವನಿಗೆ ಕಾಣಿಸುತ್ತಿದೆ ಎಂದುಕೊಂಡೆ. ಆ ಕಣ್ಣುಗಳನ್ನು ಹಾಳೆಗಿಳಿಸಲು ಪ್ರಾಣವನ್ನೇ ಸುರಿದೆ. ಕೈಗಳನ್ನು ಎಂದಿನಂತೆ ಹಾಳೆಯ ಅಂಚಿನಾಚೆ ಕಳಿಸಿಕೊಟ್ಟೆ.

ಆ ಕೈಯ ಬೆರಳು ಮಾತ್ರ ಒಂದು ಸಲವೂ ತಪ್ಪಲಿಲ್ಲ. ನಾನು ಸದ್ದನ್ನು ಇಳಿಸಿದೆ, ಬೆರಳೆದ್ದಿತು. ಇನ್ನೂ ಇಳಿಸಿದೆ, ಎದ್ದಿತು. ಚಾರ್ಟಿನ ಪ್ರಕಾರ ಅಪ್ಪನಿಗೆ ಹದಿಹರೆಯದ ಹುಡುಗನ ಕಿವಿ.

ಚಾರ್ಟು ಫ್ರಿಜ್ಜಿನ ಬಾಗಿಲೇರಿತು. ಮನೆಯ ನ್ಯಾಯವೇ ತಲೆಕೆಳಗಾಯಿತು.

"ನೋಡು, ನೀನೇ ಗೊಣಗೋದು," ಎಂದು ಅಪ್ಪ ಅಮ್ಮನಿಗೆ ಹೇಳತೊಡಗಿದ. "ಬಾಯಿ ಬಿಟ್ಟು ಮಾತಾಡೇ. ಬಾಯೊಳಗೇ ನುಂಗಿಬಿಟ್ರೆ ಯಾರಿಗೆ ಕೇಳ್ಸುತ್ತೆ?"

"ನಾನು ಕಿರುಚ್ತಾನೇ ಇದೀನಲ್ಲ ರೀ!"

"ಹಾಂ?"

ಅಮ್ಮ ನನ್ನ ಕಡೆ ತಿರುಗಿ, "ಏನೋ, ನಿನ್ನ ಮಷೀನು ಸರಿ ಇದೆಯೇನೋ?" ಎಂದಳು.

"ಮಷೀನು ಸುಳ್ಳು ಹೇಳಲ್ಲಮ್ಮ," ಎಂದೆ. ಆ ವಾಕ್ಯ ನೆನಪಾದಾಗ ಈಗಲೂ ಗಿಟಾರಿನ ಹಿಂದೆ ಅಡಗಿಕೊಳ್ಳಬೇಕೆನಿಸುತ್ತದೆ.

ಅಮ್ಮ ಕೆಲವು ದಿನ ಜೋರಾಗಿ ಮಾತಾಡಿದಳು. ಗಂಟಲು ಕಟ್ಟಿತು. ಬಿಸಿನೀರು ಕುಡಿದು ಮತ್ತೆ ಮಾತಾಡಿದಳು. ಕನ್ನಡಿಯ ಮುಂದೆ ನಿಂತು ಬಾಯಿ ಅಗಲಿಸಿ "ಸಕ್ಕರೆ, ಸಕ್ಕರೆ" ಎಂದು ಹೇಳಿಕೊಳ್ಳುವುದನ್ನು ನಾನು ನೋಡಿದೆ. ಆಮೇಲೆ ಒಂದು ದಿನ ಸುಮ್ಮನಾದಳು. ತಟ್ಟೆ ಇಡುವಳು, ತೆಗೆಯುವಳು, ಬಾಗಿಲ ಚಿಲಕ ಹಾಕುವಳು. ಮನೆಯಲ್ಲಿ ಟಿವಿಯ ಗದ್ದಲ ಬಿಟ್ಟರೆ ಮನುಷ್ಯರ ಮಾತು ನಿಂತೇಹೋಯಿತು. ಮೌನಪ್ರಿಯನಾದ ನನಗೆ ಇದು ಹಿತವಾಗಿಯೇ ಇತ್ತು. ಮನೆಯಲ್ಲಿ ಎಂಥ ಶಾಂತಿ ನೆಲೆಸಿದೆ ಎಂದು ಮೆಚ್ಚಿ, ಅಮ್ಮ ಕಿಟಕಿ ಪಕ್ಕ ಸುಮ್ಮನೆ ಕೂತಿದ್ದನ್ನು ಒಂದು ಚಿತ್ರವನ್ನಾಗಿಯೂ ಬಿಡಿಸಿದೆ. ಕೈಗಳು ಸೆರಗಿನೊಳಗೆ. ಅದಕ್ಕೆ 'ನೆಮ್ಮದಿ' ಎಂದು ಹೆಸರೂ ಇಟ್ಟೆ. ಮೌನದ ಬಗ್ಗೆ ಅಷ್ಟು ಉದ್ದ ಬರೆದವನಿಗೆ ಎದುರಿಗೆ ಕೂತ ಮೌನ ಯಾವ ಜಾತಿಯದ್ದೆಂದು ತಿಳಿಯಲಿಲ್ಲ.

ಚಿಕಿತ್ಸಾಲಯದಲ್ಲಿ ಮೇಡಂ ಚಾರ್ಟುಗಳನ್ನು ಹರಡಿಕೊಂಡು ಹುಬ್ಬು ಗಂಟಿಕ್ಕುವುದು ಶುರುವಾಗಿತ್ತು.

"ಇತ್ತೀಚೆಗೆ ನಮ್ಮಲ್ಲಿಗೆ ಬರೋರೆಲ್ಲ ಕಿವಿ ಚೆನ್ನಾಗಿರೋರೇ," ಎಂದರು ಒಂದು ಬೆಳಿಗ್ಗೆ. "ಚೆನ್ನಾಗಿದ್ರೆ ಯಾಕೆ ಬರ್ತಾರೆ ಅಂತ."

"ಜನರಲ್ಲಿ ಜಾಗೃತಿ ಹೆಚ್ಚಿರಬೇಕು ಮೇಡಂ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. "ಯಂತ್ರ ಒಂದ್ಸಲ ನೋಡೋಣ. ನಾನು ಒಳಗೆ ಕೂರ್ತೀನಿ, ನೀವು ದಿನಾ ಮಾಡೋ ಹಾಗೇ ಮಾಡಿ. ದಿನಾ ಮಾಡೋ ಹಾಗೇ, ಗೊತ್ತಾಯ್ತಾ?"

ನಾನು ಅಕ್ಷರಶಃ ದಿನಾ ಮಾಡುವ ಹಾಗೆಯೇ ಮಾಡಿದೆ. ಮೇಡಂ ಕೂತರು, ಹೆಡ್‌ಫೋನ್ ಹಾಕಿಕೊಂಡರು, ನಾನು ಪೆನ್ಸಿಲ್ ಎತ್ತಿಕೊಂಡೆ. ಅವರ ಮುಖದಲ್ಲಿ ಗಲ್ಲದ ಗೆರೆ ಚೆನ್ನಾಗಿದೆ, ಬಹಳ ದಿನದಿಂದ ಕಣ್ಣಿಟ್ಟಿದ್ದೆ. ಗುಂಡಿ ಒತ್ತಿದೆ, ಬೆರಳೆದ್ದಿತು. ಸದ್ದು ಇಳಿಸಿದೆ, ಎದ್ದಿತು. ಮನುಷ್ಯರಿಗೆ ಕೇಳಿಸಲಾರದಷ್ಟು ಇಳಿಸಿದೆ. ಆಗಲೂ ಎದ್ದಿತು. ಮೇಡಂ ಕಿವಿಯೂ ಅದ್ಭುತ ಎಂದುಕೊಂಡು ಗಲ್ಲಕ್ಕೆ ನೆರಳು ಹಾಕುತ್ತಿದ್ದೆ. ಆಗ ಅವರು ಎರಡೂ ಕೈಯಿಂದ ಕೂದಲನ್ನು ಹಿಂದಕ್ಕೆ ಸರಿಸಿದರು. ಹೆಡ್‌ಫೋನ್ ಅವರ ಕಿವಿಯ ಮೇಲಿರಲೇ ಇಲ್ಲ. ಕೂದಲ ಮರೆಯಲ್ಲಿ ಕುತ್ತಿಗೆಗೆ ಜಾರಿಸಿಕೊಂಡು ಕೂತಿದ್ದರು.

ಈಚೆ ಬಂದು ನನ್ನ ಪೆನ್ಸಿಲ್ಲನ್ನು ತೆಗೆದುಕೊಂಡು, ಅದರ ತುದಿಯ ಕೆಂಪು ರಬ್ಬರನ್ನು ತೋರಿಸಿದರು.

"ಒಳಗೆ ಕೂತ್ರೆ ನಿಮ್ಮ ಮೇಜು ಕಾಣಲ್ಲ. ಇದು ಮಾತ್ರ ಕಾಣುತ್ತೆ, ಕಿಟಕಿ ಅಂಚಿನ ಮೇಲೆ ಕುಣೀತಾ ಇರುತ್ತೆ. ನೀವು ಗುಂಡಿ ಒತ್ತುವಾಗ ನಿಲ್ಲುತ್ತೆ. ಪ್ರತಿ ಸಲ ನಿಲ್ಲುತ್ತೆ. ಜನಕ್ಕೆ ಇನ್ನೇನು ಬೇಕು?"

ಒಂದೇ ಹೊತ್ತಿಗೆ ಎರಡು ಕೈಗಳಿಂದ ಎರಡು ಕೆಲಸ ಮಾಡಬಲ್ಲೆ ಎಂದು ನಾನು ಹೆಮ್ಮೆಪಟ್ಟಿದ್ದೆ. ಎಡಗೈ ದುಡಿಯುವಾಗಲೆಲ್ಲ ಬಲಗೈ ನಿಂತು ನೋಡುತ್ತಿತ್ತಂತೆ.

"ಕುರ್ಚಿ ಯಾಕೆ ತಿರುಗಿಸಿದ್ರಿ?"

"ಎರಡೂ ಕಣ್ಣು ಕಾಣಲಿ ಅಂತ ಮೇಡಂ."

ಅವರಿಗೆ ನಗು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿ ನೋಡಿದರು. "ಇದು ನಾನಾ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಆಜ್ಞೆಗಳನ್ನು ಹೊರಡಿಸಿದರು: ಕುರ್ಚಿ ಗೋಡೆಗೆ ಮುಖ ಮಾಡಬೇಕು, ಪರೀಕ್ಷೆಯ ಕೋಣೆಗೆ ಪೆನ್ಸಿಲ್ ಬರಬಾರದು, ಕಿವಿ ಚೆನ್ನಾಗಿದೆ ಎಂದು ಕಳಿಸಿದವರನ್ನೆಲ್ಲ ಮತ್ತೆ ಕರೆದು ಪರೀಕ್ಷಿಸಬೇಕು, ಕರೆಯುವ ಕೆಲಸವೂ ನನ್ನದೇ. ಕೆಲಸದಿಂದ ತೆಗೆಯಲಿಲ್ಲ, ಅದೇ ದೊಡ್ಡದು.

ನಾಚಿಕೆಯಿಂದ ಸಾಯುವಂತಾಯಿತು ಎಂದು ಬರೆಯುವುದು ರೂಢಿ. ನಾಚಿಕೆಯಾಗಿದ್ದು ನಿಜ. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ನಾಚಿಕೆಯ ಅಡಿಯಲ್ಲಿ ಇನ್ನೊಂದು ಭಾವ ಮೆಲ್ಲಗೆ ತಲೆಯೆತ್ತಿತು. ಅದು ನಿರಾಳ. ಈಗ ನಾನು ಚಿತ್ರ ಬಿಡುವುದಕ್ಕೆ ಗೌರವದ ಕಾರಣವೊಂದಿತ್ತು! ಸೋಮಾರಿತನದಿಂದ ಬಿಟ್ಟದ್ದಲ್ಲ, ಬೇಸರದಿಂದಲ್ಲ. ರೋಗಿಗಳ ಹಿತಕ್ಕಾಗಿ ಬಿಟ್ಟದ್ದು. ಅಕ್ಕನಿಗೆ ಹೇಳಬೇಕಾದ ವಾಕ್ಯಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಪೆನ್ಸಿಲ್ ಡಬ್ಬಿಯನ್ನು ಗಿಟಾರಿನ ಪಕ್ಕಕ್ಕಿಟ್ಟೆ. ಆ ಸಂಜೆ ಯಾವ ಅಪರಾಧಿಭಾವವೂ ಇಲ್ಲದೆ ಬೇಗ ಮಲಗಿ ಗೊರಕೆ ಹೊಡೆದೆ.

ಅಪ್ಪನನ್ನೂ ಮತ್ತೆ ಕರೆಸಬೇಕಾಯಿತು. ಈ ಸಲ ಕುರ್ಚಿ ಗೋಡೆಯ ಕಡೆಗಿತ್ತು. ನಾನು ಸದ್ದು ಶುರು ಮಾಡಿದೆ. ಬೆರಳು ಏಳಲಿಲ್ಲ. ಏರಿಸಿದೆ. ಏಳಲಿಲ್ಲ. ಅಪ್ಪ ಕುತ್ತಿಗೆ ತಿರುಗಿಸಿ ತಿರುಗಿಸಿ ನನ್ನ ಮೇಜಿನ ಕಡೆ ಏನನ್ನೋ ಹುಡುಕುತ್ತಿದ್ದ. ಸದ್ದು ಬಾಗಿಲು ಬಡಿದಷ್ಟು ದೊಡ್ಡದಾದ ಮೇಲೆ ಒಮ್ಮೆ ಬೆಚ್ಚಿಬಿದ್ದು ಬೆರಳೆತ್ತಿದ. ಆಮೇಲೆ ಹೆಡ್‌ಫೋನ್ ತೆಗೆದು ಈಚೆ ಬಂದ.

"ಪೆನ್ಸಿಲ್ ಎಲ್ಲೋ?"

"ಯಾಕಪ್ಪಾ?" ಎಂದು ಅವನ ಕಿವಿಯ ಹತ್ತಿರ ಬಾಗಿ ಕೂಗಿದೆ.

"ಪೆನ್ಸಿಲ್ ನಿಂತಾಗ ಬೆರಳೆತ್ತಬೇಕು ತಾನೆ? ಹೋದ ಸಲ ಒಂದೂ ತಪ್ಪು ಮಾಡ್ಲಿಲ್ಲವಲ್ಲ. ಈ ಸಲ ಪೆನ್ಸಿಲ್ಲೇ ಇಲ್ಲದೆ ಹೇಗೋ ಎತ್ತೋದು?"

ಅವನು ಮೋಸ ಮಾಡಿರಲಿಲ್ಲ. ನಾನು ಮೈಕಿನಲ್ಲಿ ಹೇಳಿದ್ದು ಅವನಿಗೆ ಕೇಳಿಸಿರಲೇ ಇಲ್ಲ. ಕೇಳಿಸದಿದ್ದಾಗ ಎದುರಿಗೆ ಏನು ಅಲುಗುತ್ತದೋ ಅದನ್ನು ನೋಡಿ ನಡೆಯುವುದು ಅವನ ಹಳೆಯ ರೂಢಿ. ಕೊನೆಯ ವರ್ಷಗಳಲ್ಲಿ ಕಂಡಕ್ಟರನ ಸೀಟಿ ಕೇಳದೆ, ಕನ್ನಡಿಯಲ್ಲಿ ಅವನ ಕೈ ನೋಡಿಯೇ ಬಸ್ಸು ಬಿಡುತ್ತಿದ್ದನಂತೆ. ಅಷ್ಟು ತನ್ಮಯನಾಗಿ ನೋಡಿದ್ದು ಮಗನನ್ನಲ್ಲ. ಕೆಂಪು ರಬ್ಬರನ್ನು. ನನ್ನ ಅತ್ಯುತ್ತಮ ಚಿತ್ರದ ಆ ಕಣ್ಣುಗಳ ಪ್ರೀತಿಯೆಲ್ಲ ಪೆನ್ಸಿಲ್ಲಿನ ಬಾಲಕ್ಕೆ ಸೇರಿದ್ದು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಅವಳು ಕೈಯನ್ನು ಗಂಟಲ ಮೇಲಿಟ್ಟುಕೊಂಡಳು.

"ಹಾಗಾದ್ರೆ ನಾನು ಸರಿಯಾಗೇ ಮಾತಾಡ್ತಿದ್ದೆ," ಎಂದಳು.

ಅಮ್ಮನ ಚಿತ್ರಕ್ಕಿಟ್ಟ 'ನೆಮ್ಮದಿ' ಎಂಬ ಹೆಸರನ್ನು ಅವತ್ತೇ ಅಳಿಸಿದೆ.

ಅಪ್ಪನ ಕಿವಿಗೆ ಮಷೀನು ಬಂತು. ಬೆನ್ನಲ್ಲೇ ಜಗಳವೂ ಬಂತು. ಅಪ್ಪನಿಗೆ ಲೋಕವೆಲ್ಲ ಒಟ್ಟಿಗೆ ಮೈಮೇಲೆ ಬಿದ್ದಂತಾಗಿತ್ತು. ಪಾತ್ರೆ ಇಟ್ಟರೆ ಕೂಗುತ್ತಿದ್ದ, ಚಪ್ಪಲಿ ಎಳೆದರೆ ಕೂಗುತ್ತಿದ್ದ, ತಾನೇ ಅಗಿಯುವ ಸದ್ದಿಗೆ ಊಟ ಅರ್ಧಕ್ಕೆ ಬಿಟ್ಟು ಎದ್ದ. "ಇಷ್ಟು ಗಲಾಟೇಲಿ ನೀವೆಲ್ಲ ಹೇಗೆ ಬದುಕಿದೀರಿ?" ಎಂದು ಮಷೀನನ್ನು ತೆಗೆದು ಡ್ರಾಯರಿನಲ್ಲಿಟ್ಟ. ಅಮ್ಮ ಆ ಡ್ರಾಯರನ್ನೇ ನೋಡುತ್ತಾ ನಿಂತಿದ್ದು ನನಗೆ ಕಂಡಿತು. ಈ ಸಲ ಅದು ಯಾವ ಜಾತಿಯ ಮೌನ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೇಡಂ ಉಪಾಯ ಹೇಳಿದರು. ದಿನಾ ಒಂದಿಷ್ಟು ಹೊತ್ತು ಸದ್ದಿಲ್ಲದ ಕೋಣೆಯಲ್ಲಿ ಕೂತು ಒಂದೇ ಒಂದು ಸಣ್ಣ ಸದ್ದನ್ನು ಕೇಳಿಸಿಕೊಳ್ಳಬೇಕು. ಅದು ಹಿತವಾದ ಮೇಲೆ ಇನ್ನೊಂದು. ಒಂದು ದಿನವೂ ತಪ್ಪಿಸಬಾರದು. ತಪ್ಪಿಸಿದವರೆಲ್ಲ ಮಷೀನನ್ನು ಡ್ರಾಯರಿಗೇ ಒಪ್ಪಿಸಿಬಿಡುತ್ತಾರೆ.

ಸಂಜೆ ನನ್ನ ಕೋಣೆಯಲ್ಲೇ ಸಭೆ ಸೇರಿತು, ಮನೆಯಲ್ಲಿ ಅದೇ ಶಾಂತವಾದ ಕೋಣೆ. ಅಮ್ಮ ಬಲವಂತವಾಗಿ ಮಷೀನು ಹಾಕಿಸಿದಳು.

"ಗಡಿಯಾರ ಇಟ್ಕೊಳ್ಳಿ," ಎಂದಳು.

"ಬೇಡ. ಡ್ಯೂಟಿಗೆ ಹೊತ್ತಾಯ್ತು ಅನ್ಸುತ್ತೆ."

"ನಲ್ಲಿ ತೊಟ್ಟಿಕ್ಕೋದು?"

"ಅದನ್ನ ಕೇಳ್ತಾ ಕೂರೋ ಬದಲು ರಿಪೇರಿ ಮಾಡಿಸೇ."

ಅಪ್ಪ ಕೋಣೆಯ ಸುತ್ತ ಕಣ್ಣಾಡಿಸಿ, ಗಿಟಾರಿನ ಪಕ್ಕದ ಡಬ್ಬಿಯನ್ನು ತೋರಿಸಿದ. "ಅದನ್ನ ತಗೋ. ಅವತ್ತು ಅಷ್ಟು ಹೊತ್ತು ನೋಡಿದೆ. ಅದು ಹೇಗೆ ಸದ್ದು ಮಾಡುತ್ತೆ ಅಂತ ಗೊತ್ತಾಗ್ಲಿಲ್ಲ."

ಮೈತುಂಬ ದಣಿವು. ಎಷ್ಟು ಕಷ್ಟಪಟ್ಟು, ಎಷ್ಟು ಗೌರವಯುತವಾಗಿ ಬಿಟ್ಟಿದ್ದೆ!

"ನಾನು ಬಿಟ್ಟುಬಿಟ್ಟೆ ಅಪ್ಪ."

"ಹಾಂ?"

"ಚಿತ್ರ ಬಿಡಿಸೋದು ಬಿಟ್ಟುಬಿಟ್ಟೆ."

"ಕೇಳಿಸ್ಲಿಲ್ಲ."

ಮಷೀನು ಅವನ ಕಿವಿಯಲ್ಲೇ ಇತ್ತು. ಅದರ ಪುಟ್ಟ ದೀಪವೂ ಉರಿಯುತ್ತಿತ್ತು. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಗಿಟಾರಿನ ಮೇಲಿದ್ದ ಟವೆಲ್ ತೆಗೆದು ಮಡಚುತ್ತಾ, ನಗು ತಡೆಯಲೋ ಏನೋ, ಹೊರಗೆ ಹೊರಟುಹೋದಳು.

ಪೆನ್ಸಿಲ್ ಎತ್ತಿಕೊಂಡೆ. ಅಪ್ಪ ಕಣ್ಣು ಮುಚ್ಚಿಕೊಂಡ. ಮೊದಲ ಗೆರೆ ಎಳೆದಾಗ ಅವನ ಹುಬ್ಬು ಸ್ವಲ್ಪ ಅಲುಗಿತು. ನೆರಳು ಹಾಕತೊಡಗಿದೆ: ಸರ್, ಸರ್, ಸರ್. ಇಷ್ಟು ದಿನ ಬಿಡಿಸಿಯೂ ಪೆನ್ಸಿಲ್ಲಿಗೆ ಇಷ್ಟು ಸದ್ದಿದೆ ಎಂದು ನಾನು ಗಮನಿಸಿರಲಿಲ್ಲ. ಮೂಗಿನ ಹತ್ತಿರ ಬಂದು ಅನುಮಾನವಾಯಿತು. ಇದು ಅಪ್ಪನ ಮೂಗಲ್ಲ, ಮತ್ತೆ ಕುದುರೆ ಬರುತ್ತಿದೆ, ಇದೆಲ್ಲ ಯಾರಿಗೆ ಬೇಕು, ನಿದ್ದೆ ಬರುತ್ತಿದೆ ಎಂದುಕೊಂಡು ಪೆನ್ಸಿಲ್ ನಿಲ್ಲಿಸಿದೆ.

ಅಪ್ಪ ಕಣ್ಣು ಮುಚ್ಚಿಕೊಂಡೇ ಬೆರಳೆತ್ತಿದ.

"ನಿಂತುಹೋಯ್ತು," ಎಂದ.

ಮತ್ತೆ ಎಳೆದೆ. ಬೆರಳಿಳಿಯಿತು.

ಅಂದಿನಿಂದ ಪ್ರತಿ ಸಂಜೆ ಇದೇ ನಡೆಯುತ್ತಿದೆ. ನನ್ನ ಸಂಶಯಗಳಿಗೆಲ್ಲ ಈಗ ಒಬ್ಬ ಕಾವಲುಗಾರನಿದ್ದಾನೆ. ಮೊದಲಾದರೆ ನನ್ನ ಪ್ರತಿಭೆಯ ಬಗ್ಗೆ ಬೇಕಾದಷ್ಟು ಹೊತ್ತು ಕೊರಗಬಹುದಿತ್ತು. ಈಗ ಕೊರಗಲು ಶುರುಮಾಡಿದ ಕೂಡಲೇ ಬೆರಳು ಏಳುತ್ತದೆ. ತೂಕಡಿಸಿದರೆ ಏಳುತ್ತದೆ. ರಬ್ಬರ್ ಹಿಡಿದು ಉಜ್ಜಿದರೆ, "ಇದು ಬೇರೆ ಸದ್ದು, ಏನೋ ಅಳಿಸ್ತಿದೀಯ, ಇರ್ಲಿ ಬಿಡು," ಎನ್ನುತ್ತಾನೆ. ಇತ್ತೀಚೆಗೆ ಅಮ್ಮ ಬಾಗಿಲಲ್ಲಿ ನಿಂತು, ದನಿ ಏರಿಸದೆ, "ರೀ, ಸಕ್ಕರೆ ಮುಗಿದಿದೆ," ಎನ್ನುತ್ತಾಳೆ. "ನಾಳೆ ತರ್ತೀನಿ. ಸ್ವಲ್ಪ ಸುಮ್ನಿರು, ಪೆನ್ಸಿಲ್ ಕೇಳ್ತಾ ಇದೀನಿ," ಎನ್ನುತ್ತಾನೆ ಅಪ್ಪ. ಮನೆಯಲ್ಲಿ ಸಕ್ಕರೆ ಇದ್ದಾಗಲೂ ಅಮ್ಮ ಇದನ್ನು ಹೇಳಿ ಹೋಗುವುದುಂಟು.

ನಿನ್ನೆ ತೀರಾ ದಣಿದು ಬಂದಿದ್ದೆ. ಅಪ್ಪನ ಮುಖ ಮುಗಿಯಿತು, ಭುಜ ಮುಗಿಯಿತು. ಮೊಣಕೈ ಬಂತು. ಹಾಳೆ ಮಾತ್ರ ಮುಗಿಯಲಿಲ್ಲ. ನಿದ್ದೆಗಣ್ಣಿನಲ್ಲಿ ಮುಖವನ್ನು ಮೇಲೆಲ್ಲೋ ಚಿಕ್ಕದಾಗಿ ಬಿಡಿಸಿಬಿಟ್ಟಿದ್ದೆ. ಕೆಳಗೆ ಇಷ್ಟಗಲ ಬಿಳಿ ಜಾಗ. ಅಪ್ಪನ ಅಂಗಿಗೆ ಕೆಳಗಡೆ ಜೇಬೂ ಇಲ್ಲ. ನಾನು ಪೆನ್ಸಿಲ್ ಹಿಡಿದುಕೊಂಡು ಸುಮ್ಮನೆ ಕೂತೆ.

ಬೆರಳೆದ್ದಿತು. ದೀಪದ ಬೆಳಕಿನಲ್ಲಿ ನೆಟ್ಟಗೆ ನಿಂತಿತು. ಗಿಯರ್ ಹಿಡಿದು ಹಿಡಿದು ಗಿಣ್ಣು ದಪ್ಪಗಾದ, ತುದಿಯಲ್ಲಿ ಕೊಂಚ ಬಾಗಿದ ಬೆರಳು. ಸರಿ, ಇವತ್ತು ಇದನ್ನೇ ಬಿಡಿಸಿಬಿಡುತ್ತೇನೆ ಎಂದು ಪೆನ್ಸಿಲ್ ಹಾಳೆಗೆ ತಾಗಿಸಿದೆ.

ಸರ್ ಎಂದಿತು. ಬೆರಳು ಇಳಿದುಹೋಯಿತು.

ನಿಲ್ಲಿಸಿದೆ. ಎದ್ದಿತು. ಚೆನ್ನಾಗಿ ನೋಡಿಕೊಂಡು ಒಂದು ಗೆರೆ ಎಳೆದೆ. ಇಳಿಯಿತು. ಬಿಡಿಸದಿದ್ದರೆ ಮಾತ್ರ ಕಾಣಿಸುವ, ಬಿಡಿಸಿದರೆ ಮಾಯವಾಗುವ ಬೆರಳು. ನಾನು ಓದಿದ ತತ್ವಶಾಸ್ತ್ರದಲ್ಲಿ ಇಂಥದ್ದಕ್ಕೆ ಒಂದು ಹೆಸರಿರಬೇಕು, ನೆನಪಾಗಲಿಲ್ಲ.

"ಅಪ್ಪ, ಸ್ವಲ್ಪ ಎತ್ತೇ ಇಟ್ಕೋ ಬೆರಳನ್ನ."

"ಪೆನ್ಸಿಲ್ ನಡೀತಿದೆಯಲ್ಲೋ. ಸುಳ್ಳು ಸುಳ್ಳೇ ಹೇಗೆ ಎತ್ತೋದು? ಅವತ್ತು ಕೇಳಿಸದೆ ಎತ್ತಿ ಆಗಿದ್ದು ಸಾಲ್ದಾ?"

ಕೊನೆಗೆ ಒಂದೊಂದೇ ಗೆರೆ. ನಿಲ್ಲಿಸು, ನೋಡು, ಎಳೆ. ನಿಲ್ಲಿಸು, ನೋಡು, ಎಳೆ. ಅಮ್ಮ ಬಂದು ಹೆಗಲ ಮೇಲಿಂದ ಬಗ್ಗಿ ನೋಡುವ ಹೊತ್ತಿಗೆ ಒಂದು ಬೆರಳು ಪೂರ್ತಿಯಾಗಿತ್ತು, ಅದಕ್ಕೆ ನೆರಳು ಹಾಕುತ್ತಿದ್ದೆ. ಮಿಕ್ಕ ಕೈ ಇರಬೇಕಾದ ಜಾಗದಲ್ಲಿ ಬಿಳಿ.

"ಇದೇನೋ, ಕ್ಯಾರೆಟ್ಟಾ?"

"ಬೆರಳಮ್ಮ."

ಅವಳು ಇನ್ನೊಮ್ಮೆ ನೋಡಿದಳು. ಅಪ್ಪನ ಬೆರಳನ್ನೂ ನೋಡಿದಳು, ಹಾಳೆಯನ್ನೂ ನೋಡಿದಳು. "ಗಿಣ್ಣು ಮಾತ್ರ ಇವರದ್ದೇ," ಎಂದಳು. "ಮಿಕ್ಕ ನಾಲ್ಕು?"

ನಾಳೆ ಎನ್ನಲು ನಾನು ತಲೆಯೆತ್ತಿದೆ, ಪೆನ್ಸಿಲ್ ನಿಂತಿತು. ಅಪ್ಪ ಬೆರಳೆತ್ತಿದ.